ನಮ್ಮನೆ ಲಾರಿಯ ಜಮಾ-ಖರ್ಚು

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹೋದ ತಿಂಗಳು ಇಲ್ಲಿ ಡಾಕ್ಟರಮ್ಮ ಮೊಣಕಾಲು ನೋವಿನ ಬಗ್ಗೆ ಮಾತಾಡಿದರು. ಅದರ ಹಿಂದಿನ ತಿಂಗಳು ರಂಗೋಲಿ ಇತ್ತು. ಈ ಸಲ ನೀವು ಮಾತಾಡಬೇಕು ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ನಾನು, "ನನಗ ಲಾರಿ ಲೆಕ್ಕ ಬಿಟ್ರ ಬ್ಯಾರೆ ಏನೂ ಬರಂಗಿಲ್ರಿ" ಅಂದೆ. "ಹಂಗಾದ್ರ ಅದನ್ನೇ ಹೇಳ್ರಿ" ಅಂದರು. ಅದಕ್ಕೇ ಇವತ್ತು ಲಾರಿ ಲೆಕ್ಕ. ಬೇಸರವಾದರೆ ಹಿಂದೆ ಚಹಾ ಇಟ್ಟಿದ್ದಾರೆ, ಎದ್ದು ಹೋಗಿ, ನಾನು ತಪ್ಪು ತಿಳಿಯುವುದಿಲ್ಲ.

ನಾನು ಬೀದರ್ ಜಿಲ್ಲೆಯ ಹುಮನಾಬಾದಿನವಳು. ನಮ್ಮ ಕಡೆಯವರಿಗೆ ಹೈದರಾಬಾದ್ ಪರವೂರಲ್ಲ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಮೂರೂ ಈ ಊರನ್ನೇ ರಾಜಧಾನಿ ಎಂದು ನೋಡುತ್ತಿದ್ದವು. ರಾಜ್ಯ ಬದಲಾದರೂ ನಮ್ಮ ತೊಗರಿಬೇಳೆ, ಕಲ್ಲು, ಬೆಲ್ಲ ಬರುವುದು ಇಲ್ಲಿನ ಬಜಾರಿಗೇ. ಅವನ್ನು ಹೊತ್ತು ತರುವ ಲಾರಿಗಳಲ್ಲಿ ಒಂದು ನಮ್ಮದು. ಈಗ ಎರಡು.

ನಮ್ಮಪ್ಪನದು ಕಿರಾಣಿ ಅಂಗಡಿ. ಕಿರ್ದಿ ಬರೆಯದೆ ಒಂದು ರಾತ್ರಿಯೂ ಅಂಗಡಿ ಮುಚ್ಚಿದವರಲ್ಲ. ಕಿರ್ದಿ ಅಂದರೆ ಏನು ಎಂದು ಇಲ್ಲಿರುವ ಹುಡುಗಿಯರಿಗೆ ಗೊತ್ತಿರಲಿಕ್ಕಿಲ್ಲ. ದಿನದ ಜಮಾ ಒಂದು ಕಡೆ, ಖರ್ಚು ಒಂದು ಕಡೆ, ಅವತ್ತಿನದು ಅವತ್ತೇ. ನೆಂಟರು ಊಟಕ್ಕೆ ಕಾದು ಕೂತಿದ್ದರೂ ಅಪ್ಪ ಬರೆದು ಮುಗಿಸಿಯೇ ಏಳುತ್ತಿದ್ದರು. "ನಾಳೆ ಬರದ್ರ ಆಗಲ್ಲೇನಪ್ಪ" ಅಂತ ಕೇಳಿದರೆ, "ನಾಳೆ ಬರದದ್ದು ಕಿರ್ದಿ ಅಲ್ಲವ್ವ, ಕಥಿ" ಅನ್ನುತ್ತಿದ್ದರು. ಆ ಮಾತು ನನಗೆ ಅರ್ಥವಾಗಲು ಒಂದು ಕೋರ್ಟು ಬೇಕಾಯಿತು. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಯಜಮಾನರು ಕ್ಲೀನರ್ ಆಗಿ ಸೇರಿ, ಡ್ರೈವರ್ ಆಗಿ, 2012ರಲ್ಲಿ ಫೈನಾನ್ಸ್ ಸಾಲದ ಮೇಲೆ ಒಂದು ಹಳೆಯ ಲಾರಿ ಕೊಂಡರು. ಮಾಲೀಕರೂ ಅವರೇ, ಡ್ರೈವರೂ ಅವರೇ. ಟ್ರಿಪ್ ಮುಗಿಸಿ ಮನೆಗೆ ಬಂದರೆ ಅಂಗಿಯ ಜೇಬಿನ ತುಂಬ ಚೀಟಿ. ಡೀಸೆಲ್ ಚೀಟಿ, ಟೋಲ್ ಚೀಟಿ, ಕಾಂಟಾದ ತೂಕದ ಚೀಟಿ, ಹಮಾಲರಿಗೆ ಕೊಟ್ಟ ದುಡ್ಡನ್ನು ಬೀಡಿ ಕಟ್ಟಿನ ಮೇಲೆ ಗೀಚಿದ್ದು. ಮೊದಮೊದಲು ನಾನು ಜೇಬು ನೋಡದೆ ಅಂಗಿಯನ್ನು ಬಕೆಟ್ಟಿಗೆ ಹಾಕಿ ಎಷ್ಟೋ ಸಾವಿರದ ಲೆಕ್ಕವನ್ನು ಸೋಪಿನ ನೀರಿನಲ್ಲಿ ಮುದ್ದೆ ಮಾಡಿದ್ದೇನೆ. ಆಮೇಲೆ ಜೇಬು ತಡವುವುದು ರೂಢಿಯಾಯಿತು. ಚೀಟಿಗಳನ್ನು ಒಂದು ಬಿಸ್ಕತ್ ಡಬ್ಬಿಯಲ್ಲಿ ತುಂಬಿಡುವುದು, ಅಮಾವಾಸ್ಯೆ ಹತ್ತಿರ ಬಂದಾಗ ಎಲ್ಲ ಹರಡಿಕೊಂಡು ಒಂದೇ ಸಲ ಪುಸ್ತಕಕ್ಕೆ ಏರಿಸುವುದು. ಬರೆದ ಮೇಲೆ ಚೀಟಿ ಒಲೆಗೆ. ಇದು ನಾನು ಮಾಡಿದ ದೊಡ್ಡ ತಪ್ಪು.

ಇನ್ನೊಂದು ತಪ್ಪು ತೆರಿಗೆಯದು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹತ್ತಕ್ಕಿಂತ ಹೆಚ್ಚು ಲಾರಿ ಇಲ್ಲದವರಿಗೆ ಆದಾಯ ತೆರಿಗೆಯಲ್ಲಿ ಒಂದು ಸುಲಭದ ದಾರಿ ಇದೆ. ಲಾರಿಯವರು, ಸಿಎಗಳು ಎಲ್ಲರೂ ಅದನ್ನು 44ಎಇ ಅನ್ನುತ್ತಾರೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ಅದರಲ್ಲಿ ಸೆಕ್ಷನ್ ನಂಬರು ಬೇರೆ, ಆದ್ದರಿಂದ ನಂಬರು ಬಾಯಿಪಾಠ ಮಾಡಬೇಡಿ. ಒಳಗಿನ ಮಾತು ಇಷ್ಟು: ನೀವು ಖರ್ಚಿನ ಪುಸ್ತಕ ಇಡಬೇಕಾಗಿಲ್ಲ, ಲಾರಿಗೆ ತಿಂಗಳಿಗೆ ಇಂತಿಷ್ಟು ಲಾಭ ಎಂದು ಸರಕಾರವೇ ಹಿಡಿದುಕೊಳ್ಳುತ್ತದೆ. ಅವತ್ತು, ಅಂದರೆ 2014-15ರಿಂದ, ಲಾರಿ ಎಷ್ಟೇ ದೊಡ್ಡದಿರಲಿ ತಿಂಗಳಿಗೆ 7,500 ರೂಪಾಯಿ. 2018ರ ಬಜೆಟ್ ಆದ ಮೇಲೆ 12 ಟನ್ನಿಗಿಂತ ಹೆಚ್ಚಿನ ಒಟ್ಟು ತೂಕದ ಲಾರಿಗೆ ಟನ್ನಿಗೆ 1,000ದಂತೆ, ಉಳಿದ ಸಣ್ಣ ಗಾಡಿಗಳಿಗೆ ಅದೇ 7,500. ನಮ್ಮ ಈಗಿನ ಲಾರಿಯ ಆರ್‌ಸಿಯಲ್ಲಿ 18.5 ಟನ್ ಎಂದಿದೆ. ಹಾಗಾದರೆ ತಿಂಗಳಿಗೆ 18,500, ವರ್ಷಕ್ಕೆ 2,22,000. ಲಾರಿ ಓಡಿತೋ ಗ್ಯಾರೇಜಿನಲ್ಲಿ ನಿಂತಿತೋ ಕೇಳುವುದಿಲ್ಲ, ನಿಮ್ಮ ಹೆಸರಿನಲ್ಲಿ ಎಷ್ಟು ತಿಂಗಳು ಇತ್ತು ಅಷ್ಟು ತಿಂಗಳಿಗೆ ಲೆಕ್ಕ. ಸಾಲದ ಬಡ್ಡಿ, ಟೈರು, ಡೀಸೆಲ್ ಬೇರೆಯಾಗಿ ಕಳೆಯುವಂತಿಲ್ಲ, ಎಲ್ಲ ಅದರಲ್ಲೇ ಬಂತು ಎಂದು ಅರ್ಥ.

ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಸಾಲು ಇದೆ. ಆ ಅಂದಾಜಿನ ಮೊತ್ತ, ಇಲ್ಲವೇ ನೀವು ನಿಜವಾಗಿ ಗಳಿಸಿದೆ ಎಂದು ತೋರಿಸುವ ಮೊತ್ತ, ಎರಡರಲ್ಲಿ ಯಾವುದು ಹೆಚ್ಚೋ ಅದು. ಈ ಸಾಲನ್ನು ನಮಗೆ ಯಾರೂ ಓದಿ ಹೇಳಲಿಲ್ಲ. ರಿಟರ್ನ್ ತುಂಬಿಕೊಡುತ್ತಿದ್ದ ಏಜೆಂಟರು, "7,500 ಇಂಟು 12, ತೊಂಬತ್ತು ಸಾವಿರ, ಟ್ಯಾಕ್ಸ್ ಸೊನ್ನೆ" ಎಂದು ಬರೆದು ನಮ್ಮವರ ಸಹಿ ತೆಗೆದುಕೊಂಡರು. ಎರಡು ವರ್ಷ ಹಾಗೇ ನಡೆಯಿತು. ನನ್ನ ಪುಸ್ತಕದ ಪ್ರಕಾರ ಕಂತು, ಬಡ್ಡಿ, ರಿಪೇರಿ ಎಲ್ಲ ಕಳೆದು ನಮಗೆ ತಿಂಗಳಿಗೆ 17,500ದಷ್ಟು ಉಳಿಯುತ್ತಿತ್ತು. ವರ್ಷಕ್ಕೆ 2,10,000. ಆಗ ತೆರಿಗೆ ಇಲ್ಲದ ಮಿತಿ 2,50,000. ಅಂದರೆ ನಿಜ ಬರೆದಿದ್ದರೂ ತೆರಿಗೆ ಸೊನ್ನೆಯೇ. ಒಂದು ಪೈಸೆ ಉಳಿತಾಯವಿಲ್ಲದೆ ನಾವು ನಮ್ಮ ದುಡಿಮೆಯನ್ನು ಅರ್ಧಕ್ಕಿಂತ ಕಮ್ಮಿ ಮಾಡಿ ಸರಕಾರಿ ಕಾಗದದ ಮೇಲೆ ಸಹಿ ಹಾಕಿಕೊಟ್ಟಿದ್ದೆವು.

2016ರ ಡಿಸೆಂಬರ್. ನೋಟು ರದ್ದಾಗಿ ಒಂದು ತಿಂಗಳು. ಭಾಡಾ ಸಿಗುವುದೇ ಕಷ್ಟವಾಗಿತ್ತು. ಜಹೀರಾಬಾದ್ ದಾಟಿ ಈ ಕಡೆ ಬರುವಾಗ ತಾಡಪತ್ರಿಯ ಹಗ್ಗ ಸಡಿಲಾಯಿತು ಎಂದು ಇವರು ರಸ್ತೆಯ ಅಂಚಿನಲ್ಲಿ ಲಾರಿ ನಿಲ್ಲಿಸಿ ಇಳಿದಿದ್ದಾರೆ. ಹಿಂದಿನಿಂದ ಬಂದ ಇನ್ನೊಂದು ವಾಹನ ಇವರಿಗೂ ಗುದ್ದಿ ಲಾರಿಗೂ ಗುದ್ದಿತು. ಬಲಗಾಲಿನ ಎರಡೂ ಮೂಳೆ ಮುರಿದವು. ರಾಡ್ ಹಾಕಿದರು. ಏಳು ತಿಂಗಳು ಮಂಚ. ಲಾರಿ ಆಟೋ ನಗರದ ಶೆಡ್ಡಿನಲ್ಲಿ ನಿಂತಿತು, ಕಂತು ನಿಂತಿತು, ನಾಲ್ಕನೆಯ ಕಂತು ತಪ್ಪಿದಾಗ ಫೈನಾನ್ಸಿನವರು ಲಾರಿ ಒಯ್ದರು. ಅವರ ತಪ್ಪೇನೂ ಇಲ್ಲ, ಕಾಗದದಲ್ಲಿ ಹಾಗೇ ಬರೆದಿತ್ತು. ಆ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಸಭೆಯಲ್ಲಿರುವ ಇಬ್ಬರು ಅಕ್ಕಂದಿರು ಆಗ ನಮ್ಮನೆಗೆ ಬುತ್ತಿ ಕಳಿಸುತ್ತಿದ್ದರು. ಹೆಸರು ಹೇಳಿದರೆ ಬಯ್ಯುತ್ತಾರೆ.

ಅಪಘಾತದ ಪರಿಹಾರಕ್ಕೆ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಿದೆವು. ನನ್ನನ್ನೂ ಸಾಕ್ಷಿಯಾಗಿ ಕರೆದರು. ನಾನು ನನ್ನ ಪುಸ್ತಕ ಹಿಡಿದುಕೊಂಡು, ಹೊಸ ಸೀರೆ ಉಟ್ಟುಕೊಂಡು, ಧೈರ್ಯವಾಗಿ ಹೋದೆ. ಇನ್ಶೂರೆನ್ಸಿನವರ ವಕೀಲರು ವಯಸ್ಸಾದವರು, ಬಹಳ ಮರ್ಯಾದೆಯಿಂದ ಕೇಳಿದರು.

"ಏನಮ್ಮಾ, ನೀವೇನು ಕೆಲಸ ಮಾಡುತ್ತೀರಿ?"

"ಮನೆಗೆಲಸ."

"ಹಾಗಾದರೆ ಲಾರಿಯ ಲೆಕ್ಕ ನಿಮಗೆ ಹೇಗೆ ಗೊತ್ತು?"

"ನಾನೇ ಬರೀತೀನಿ."

ಪುಸ್ತಕ ಕೊಟ್ಟೆ. ಅವರು ಹಾಳೆ ತಿರುವಿದರು. "ಈ ತಿಂಗಳಿನದೆಲ್ಲ ನೀಲಿ ಶಾಯಿ, ಆ ತಿಂಗಳಿನದೆಲ್ಲ ಕಪ್ಪು. ಪ್ರತಿ ತಿಂಗಳೂ ಒಂದೇ ಕೂತಲ್ಲಿ ಬರೆದಿರಾ?" ಹೌದು ಅಂದೆ. ಸುಳ್ಳು ಹೇಳಲು ಬರಲಿಲ್ಲ. "ಇದರ ಬಿಲ್ಲು?" ಒಲೆಗೆ ಹಾಕಿದೆ ಅಂದೆ. ಆಗ ಅವರು ಫೈಲಿನಿಂದ ನಮ್ಮವರ ರಿಟರ್ನ್ ತೆಗೆದರು. "ಇದರಲ್ಲಿ ತಿಂಗಳಿಗೆ 7,500. ನಿಮ್ಮ ಪುಸ್ತಕದಲ್ಲಿ 17,500. ಇದರ ಮೇಲೆ ನಿಮ್ಮ ಯಜಮಾನರದೇ ಸಹಿ ಇದೆ. ಎರಡರಲ್ಲಿ ಸುಳ್ಳು ಯಾವುದಮ್ಮಾ?"

ನಾನು ಸುಮ್ಮನೆ ನಿಂತೆ. ಅಪ್ಪನ ಮಾತು ಆಗ ತಲೆಗೆ ಹೋಯಿತು. ನಾನು ಬರೆದದ್ದೆಲ್ಲ ನಿಜವೇ ಇತ್ತು, ಆದರೆ ಕಿರ್ದಿಯಂತೆ ಬರೆದಿರಲಿಲ್ಲ, ಅದಕ್ಕೇ ಕಥೆಯಂತೆ ಕಂಡಿತು.

ತೀರ್ಪು ಬಂದಾಗ ಆಸ್ಪತ್ರೆ ಖರ್ಚು ಬೇರೆ ಕೊಟ್ಟರು. ಗಳಿಕೆಯ ನಷ್ಟಕ್ಕೆ ರಿಟರ್ನ್‌ನ ಅಂಕಿಯನ್ನೇ ಹಿಡಿದರು. ಲೆಕ್ಕ ಹೇಗೆ ಮಾಡುತ್ತಾರೆ ಎಂದು ಹೇಳುತ್ತೇನೆ, ಯಾರಿಗಾದರೂ ಬೇಕಾದೀತು, ಬೇಡದೇ ಇರಲಿ. ಏಳು ತಿಂಗಳು ದುಡಿಯಲಾಗದ್ದಕ್ಕೆ 7,500ರಂತೆ 52,500. ಆಮೇಲೆ ಕಾಲಿನ ಊನ. ಅದರಿಂದ ದುಡಿಮೆಯಲ್ಲಿ ಶೇ 15ರಷ್ಟು ಕಮ್ಮಿ ಎಂದು ಹಿಡಿದರು. ಇವರಿಗೆ ಆಗ 42 ವರ್ಷ. 2009ರಲ್ಲಿ ಸುಪ್ರೀಂ ಕೋರ್ಟು ಸರಳಾ ವರ್ಮಾ ಎಂಬ ಪ್ರಕರಣದಲ್ಲಿ ಯಾವ ವಯಸ್ಸಿಗೆ ಎಷ್ಟರಿಂದ ಗುಣಿಸಬೇಕು ಎಂದು ಪಟ್ಟಿ ಕೊಟ್ಟಿದೆ, 41ರಿಂದ 45 ವಯಸ್ಸಿಗೆ 14. ತೊಂಬತ್ತು ಸಾವಿರದಲ್ಲಿ ಶೇ 15, ಅಂದರೆ 13,500, ಅದನ್ನು 14ರಿಂದ ಗುಣಿಸಿದರೆ 1,89,000. ನಮ್ಮ ನಿಜವಾದ 2,10,000 ಹಿಡಿದಿದ್ದರೆ ಮೊದಲನೆಯದು 1,22,500, ಎರಡನೆಯದು 4,41,000. ಎರಡೂ ಸೇರಿ 3,22,000 ರೂಪಾಯಿ ವ್ಯತ್ಯಾಸ. ಅವತ್ತು ರಾತ್ರಿ ಕೂತು ಇದನ್ನು ಲೆಕ್ಕ ಹಾಕಿದೆ. ಅದನ್ನು ಮಾತ್ರ ಅವತ್ತಿನದು ಅವತ್ತೇ ಬರೆದೆ.

ಮೇಲಿನ ಕೋರ್ಟಿಗೆ ಹೋಗೋಣ ಎಂದು ನಮ್ಮ ವಕೀಲರು ಹೇಳಿದರು. ಅಲ್ಲಿಗೂ ಇದೇ ರಿಟರ್ನ್, ಇದೇ ಪುಸ್ತಕ ತಾನೇ ಹೋಗುವುದು ಎಂದು ಬಿಟ್ಟೆವು.

ಅದಕ್ಕೇ ಈಗ, ಲಾರಿಯವರ ಮನೆಯ ಹೆಣ್ಣುಮಕ್ಕಳು ಯಾರೇ ಸಿಗಲಿ, "ಪುಸ್ತಕ ಇಡಬೇಕಾಗಿಲ್ಲ ಅಂತ ಕಾನೂನೇ ಹೇಳ್ತದಲ್ರಿ" ಅಂದರೆ ನನಗೆ ಸಿಟ್ಟು ಬರುತ್ತದೆ. ತೆರಿಗೆಯವರು ಕೇಳುವುದಿಲ್ಲ ಸರಿ. ಬ್ಯಾಂಕಿನವರು ಕೇಳುತ್ತಾರೆ. ಕೋರ್ಟಿನವರು ಕೇಳುತ್ತಾರೆ. ಕೇಳುವ ಹೊತ್ತಿಗೆ ನಾವು ಪುಸ್ತಕ ಬರೆಯುವ ಸ್ಥಿತಿಯಲ್ಲಿ ಇರುವುದಿಲ್ಲ. ಈಗಂತೂ 2025ರ ಬಜೆಟ್ಟಿನಿಂದ ಹೊಸ ಪದ್ಧತಿಯಲ್ಲಿ ನಮ್ಮಂಥವರಿಗೆ ವರ್ಷಕ್ಕೆ 12 ಲಕ್ಷ ಆದಾಯದವರೆಗೆ ರಿಯಾಯಿತಿ ಸೇರಿ ತೆರಿಗೆ ಸೊನ್ನೆ. ಎರಡು ಲಾರಿಯ ನಿಜವಾದ ಲಾಭ ಬರೆದರೂ ಅದರೊಳಗೇ ಬರುತ್ತದೆ. ಯಾಕೆ ಕಮ್ಮಿ ಬರೆಯಬೇಕು?

2018ರಲ್ಲಿ ಒಂದು ಲಾರಿ, 2022ರಲ್ಲಿ ಇನ್ನೊಂದು ಕೊಂಡೆವು. ಇವರು ದೂರದ ಟ್ರಿಪ್ ಓಡಿಸುವುದಿಲ್ಲ, ಕಾಲು ತಡೆಯುವುದಿಲ್ಲ. ಇಬ್ಬರು ಡ್ರೈವರ್ ಇದ್ದಾರೆ. ಲೆಕ್ಕ ನನ್ನದು.

ಹೇಗೆ ಬರೆಯುತ್ತೇನೆ ಎಂದರೆ, ಒಂದು ಟ್ರಿಪ್ಪಿಗೆ ಒಂದು ಹಾಳೆ. ಮೇಲೆ ಲಾರಿ ನಂಬರು, ಬಿಲ್ಟಿ ನಂಬರು, ಎಲ್ಲಿಂದ ಎಲ್ಲಿಗೆ, ಏನು ಮಾಲು, ಎಷ್ಟು ಟನ್, ಹೊರಡುವಾಗ ಮೀಟರ್ ಎಷ್ಟು, ಬಂದಾಗ ಎಷ್ಟು. ಎಡಕ್ಕೆ ಜಮಾ: ಒಪ್ಪಿದ ಭಾಡಾ, ಮೊದಲು ಬಂದ ಅಡ್ವಾನ್ಸ್, ಆಮೇಲೆ ಬರಬೇಕಾದ ಬಾಕಿ. ಬಾಕಿ ಎನ್ನುವುದು ಬಿಲ್ಟಿಯ ಮೇಲೆ ಮಾಲು ಮುಟ್ಟಿದ ಸಹಿ-ಮೊಹರು ಬಿದ್ದ ಮೇಲೆಯೇ ಬರುವುದು, ಆದ್ದರಿಂದ ಆ ಸಹಿ ಬಿದ್ದ ಪ್ರತಿಯ ಫೋಟೋವನ್ನು ಡ್ರೈವರ್ ಅಲ್ಲಿಂದಲೇ ವಾಟ್ಸಾಪ್ ಮಾಡಬೇಕು. ಬಲಕ್ಕೆ ಖರ್ಚು: ಡೀಸೆಲ್, ಟೋಲ್, ಡ್ರೈವರ್ ಬತ್ತಾ, ಹಮಾಲಿ, ಕಾಂಟಾ, ಪಂಕ್ಚರ್. ಟೋಲ್ ಬರೆಯುವುದು ಈಗ ಸಲೀಸು. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಂಡರೆ ಯಾವ ನಾಕೆಯಲ್ಲಿ ಎಷ್ಟು ಹೊತ್ತಿಗೆ ಎಷ್ಟು ಕಟ್ ಆಯಿತು ಎಂದು ಅದೇ ಹೇಳುತ್ತದೆ. ಲಾರಿ ಅಲ್ಲಿ ಇತ್ತು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಡೀಸೆಲ್ ಚೀಟಿಯ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬಂಕಿನಲ್ಲಿ ಕೊಡುವ ಆ ನುಣುಪು ಕಾಗದ ಬಿಸಿಗೆ ಅಚ್ಚಾಗುವಂಥದು. ಲಾರಿಯ ಡ್ಯಾಶ್‌ಬೋರ್ಡಿನ ಮೇಲೆ ನಾಲ್ಕು ದಿನ ಬಿಸಿಲಲ್ಲಿ ಬಿದ್ದರೆ ಸಾಕು, ಅಂಕಿ ಕಾಣುವುದಿಲ್ಲ. ಕಪಾಟಿನಲ್ಲಿ ಇಟ್ಟರೂ ಬರಬರುತ್ತ ಖಾಲಿ ಹಾಳೆ. ಬಂದ ದಿನವೇ ಫೋಟೋ ತೆಗೆಯಿರಿ, ಇಲ್ಲವೇ ಝೆರಾಕ್ಸ್ ಮಾಡಿಸಿ. ನಾನು ಚೀಟಿಯನ್ನು ಹಾಳೆಯ ಹಿಂದೆ ಪಿನ್ ಹಾಕಿ ಅದರ ಮೇಲಿನ ಮೊತ್ತವನ್ನು ಪಕ್ಕದಲ್ಲಿ ಪೆನ್ನಿನಲ್ಲೂ ಬರೆಯುತ್ತೇನೆ. ಈಗ ಒಂದು ಚೀಟಿಯೂ ಒಲೆಗೆ ಹೋಗುವುದಿಲ್ಲ, ಎಂಟು ವರ್ಷ ಇಡುತ್ತೇನೆ. ಅಟ್ಟದ ಮೇಲೆ ಜಾಗವಿಲ್ಲ ಎಂದು ಮಗಳು ಬಯ್ಯುತ್ತಾಳೆ.

ಇನ್ನು ದಾರಿಯಲ್ಲಿ ಕೊಡುವ ಕೆಲವು ಖರ್ಚುಗಳಿಗೆ ಚೀಟಿ ಸಿಗುವುದಿಲ್ಲ. ನೀವೆಲ್ಲ ನಗುತ್ತಿದ್ದೀರಿ, ಅಂದರೆ ಗೊತ್ತಿದೆ. ಕಾನೂನಿಗೆ ವಿರುದ್ಧವಾಗಿ ಕೊಟ್ಟದ್ದನ್ನು ತೆರಿಗೆಯಲ್ಲಿ ಖರ್ಚು ಎಂದು ಕಳೆಯುವಂತಿಲ್ಲ. ನನ್ನ ಪುಸ್ತಕದಲ್ಲಿ ಮಾತ್ರ ಬರೆಯುತ್ತೇನೆ, "ದಾರಿ" ಎಂದು.

ಪುಸ್ತಕ ಇಟ್ಟದ್ದರಿಂದ ತೆರಿಗೆಗಿಂತ ಬೇರೆಯದೇ ಒಂದು ಲಾಭವಾಯಿತು, ಒಂದು ಅವಮಾನವೂ ಆಯಿತು. ಹೈದರಾಬಾದ್‌ನಿಂದ ಬೆಂಗಳೂರಿಗೆ ಹೋಗಿ ಬರಲು ಸುಮಾರು 1,150 ಕಿಲೋಮೀಟರ್. ನಮ್ಮ ಲಾರಿ ಲೀಟರಿಗೆ ನಾಲ್ಕೂವರೆ ಕೊಡುತ್ತಿತ್ತು, 255 ಲೀಟರ್ ಡೀಸೆಲ್. ಒಂದು ಬೇಸಿಗೆಯಲ್ಲಿ ಸತತ ಮೂರು ಹಾಳೆಯಲ್ಲಿ 280 ಲೀಟರ್. ಲೀಟರಿಗೆ 96ರಂತೆ ಟ್ರಿಪ್ಪಿಗೆ 2,400 ರೂಪಾಯಿ ಎಲ್ಲಿಗೆ ಹೋಯಿತು? ನಾನು ಡ್ರೈವರ್ ಮೇಲೆ ಅನುಮಾನ ಪಟ್ಟೆ. ಬಾಯಿಬಿಟ್ಟು ಕೇಳಿಯೂ ಬಿಟ್ಟೆ. ಅವನು ಏನೂ ಮಾತಾಡದೆ ಬೀಗದ ಕೈ ಮೇಜಿನ ಮೇಲೆ ಇಟ್ಟ. ಆಟೋ ನಗರದ ಮಿಸ್ತ್ರಿ ಚಕ್ರ ಬಿಚ್ಚಿ ನೋಡಿದರೆ ಹಿಂದಿನ ಒಂದು ಬ್ರೇಕು ಪೂರ್ತಿ ಬಿಡುತ್ತಿರಲಿಲ್ಲ, ಲಾರಿ ಅದನ್ನು ಎಳೆದುಕೊಂಡೇ ಓಡುತ್ತಿತ್ತು. ನಾನು ಅವನ ಮನೆಗೆ ಹೋಗಿ, "ತಪ್ಪಾಯ್ತಪ್ಪ, ತಮ್ಮ" ಎಂದು ಕೈಮುಗಿದೆ. ಅಂಕಿ ಎಲ್ಲಿ ತಪ್ಪಿದೆ ಎಂದು ತೋರಿಸುತ್ತದೆ, ಯಾರು ತಪ್ಪು ಎಂದು ಹೇಳುವುದಿಲ್ಲ. ಅವತ್ತಿನಿಂದ ಮೊದಲು ಲಾರಿಯನ್ನು ಕೇಳುತ್ತೇನೆ, ಆಮೇಲೆ ಮನುಷ್ಯರನ್ನು.

44ಎಇ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. 2020ರಲ್ಲಿ ಲಾಕ್‌ಡೌನಿನಲ್ಲಿ ಭಾಡಾ ಇಲ್ಲದೆ ಲಾರಿ ನಿಂತಾಗ ನಮ್ಮ ನಿಜವಾದ ಲಾಭ ಅಂದಾಜಿನ ಮೊತ್ತಕ್ಕಿಂತ ಕಮ್ಮಿ ಇತ್ತು. ಹಾಗೆ ಕಮ್ಮಿ ತೋರಿಸಬೇಕೆಂದರೆ ಪೂರ್ತಿ ಲೆಕ್ಕ ಇಟ್ಟು ಸಿಎಯಿಂದ ಆಡಿಟ್ ಮಾಡಿಸಬೇಕು. ಆಗಿನ 5 ಲಕ್ಷದ ಮಿತಿಯೊಳಗೆ ಹೇಗೂ ತೆರಿಗೆ ಬರುತ್ತಿರಲಿಲ್ಲ, ಆಡಿಟ್ ಫೀ ದಂಡ. ಅಂದಾಜಿನ ಮೊತ್ತವನ್ನೇ ಬರೆದು ಸುಮ್ಮನಾದೆವು. ಹೊಚ್ಚ ಹೊಸ ಲಾರಿ ತೆಗೆದವರ ಲೆಕ್ಕ ಬೇರೆ. ಭಾಡಾಕ್ಕೆ ಓಡುವ ಲಾರಿಗೆ ವರ್ಷಕ್ಕೆ ಶೇ 30 ಸವಕಳಿ ಇದೆ. 30 ಲಕ್ಷದ ಲಾರಿಗೆ ಪೂರ್ತಿ ವರ್ಷ ಓಡಿದರೆ 9 ಲಕ್ಷ. ಜೊತೆಗೆ ಸಾಲದ ಬಡ್ಡಿ. ಅಂಥವರು ಪೂರ್ತಿ ಲೆಕ್ಕದ ದಾರಿ ಹಿಡಿದರೆ ಲಾಭವೋ ನಷ್ಟವೋ ಎಂದು ತಮ್ಮ ಸಿಎ ಹತ್ತಿರ ಕೂತು ಕೇಳಲಿ. ಆ ದಾರಿಯಲ್ಲಿ ಒಬ್ಬರಿಗೆ ಒಂದು ದಿನಕ್ಕೆ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಒಪ್ಪುವುದಿಲ್ಲ, ಲಾರಿ ಭಾಡಾ ಕೊಡುವವರಿಗೆ ಮಾತ್ರ ಅದು 35,000. ಟೈರ್ ಅಂಗಡಿಗೆ ಹೋಗುವಾಗ ಇದು ನೆನಪಿರಲಿ.

ಮತ್ತೊಂದು ಸಣ್ಣ ಮಾತು. ಹತ್ತು ಲಾರಿಯೊಳಗಿನವರು ಪಾರ್ಟಿಗೆ ಪ್ಯಾನ್ ನಂಬರಿನ ಜೊತೆ "ನಮ್ಮದು ಹತ್ತಕ್ಕಿಂತ ಹೆಚ್ಚಿಲ್ಲ" ಎಂದು ಬರೆದುಕೊಟ್ಟರೆ ಭಾಡಾದಲ್ಲಿ ಟಿಡಿಎಸ್ ಕಡಿಯುವಂತಿಲ್ಲ. ಪ್ಯಾನ್ ಕೊಡದಿದ್ದರೆ ಶೇ 20 ಹೋಗುತ್ತದೆ. ಆ ಒಂದು ಹಾಳೆಯ ಹತ್ತು ಪ್ರತಿ ಸಹಿ ಮಾಡಿಸಿ ಎರಡೂ ಲಾರಿಯಲ್ಲಿ ಇಟ್ಟಿದ್ದೇನೆ.

ಕೊನೆಗೆ ಡ್ರೈವರುಗಳ ಸಂಗತಿ. ಅವರ ಸಂಬಳ ಈಗ ನಗದಿನಲ್ಲಿ ಕೊಡುವುದಿಲ್ಲ, ಬ್ಯಾಂಕಿಗೇ ಹಾಕುತ್ತೇವೆ. ಬತ್ತಾ ಫೋನಿನಲ್ಲಿ. ಮೊದಮೊದಲು ಇಬ್ಬರೂ ಗೊಣಗಿದರು, ಕೈಗೆ ಬಂದ ರೊಕ್ಕದ ರುಚಿಯೇ ಬೇರೆ ಎಂದು. ಒಬ್ಬನ ಹೆಂಡತಿ ಜಹೀರಾಬಾದ್ ಹತ್ತಿರದ ಹಳ್ಳಿಯವಳು, ಕನ್ನಡ ಮಾತಾಡುತ್ತಾಳೆ, ಓದಿದ್ದು ತೆಲುಗು. ಪ್ರತಿ ತಿಂಗಳು ಅವನ ಹಾಳೆಗಳ ಫೋಟೋ, ಸಂಬಳ ಹಾಕಿದ ಮೆಸೇಜು ಅವಳಿಗೂ ಕಳಿಸುತ್ತೇನೆ. "ಇದೆಲ್ಲ ಯಾಕ್ರಿ ಅಕ್ಕಾ ನನಗ, ನನಗೇನ್ ತಿಳೀತದ" ಅಂದಳು. ತಿಳಿಯದಿದ್ದರೂ ಅಳಿಸಬೇಡ, ಒಂದು ಪೆಟ್ಟಿಗೆಯಲ್ಲಿ ಪ್ರಿಂಟ್ ತೆಗೆಸಿ ಇಡು ಅಂದೆ. ಯಾಕೆ ಎಂದು ಅವಳಿಗೆ ಹೇಳಲಿಲ್ಲ. ನಿಮಗೆ ಈಗ ಗೊತ್ತು.

ನನ್ನ ಈ ವರ್ಷದ ಪುಸ್ತಕ ತಂದಿದ್ದೇನೆ, ಊಟದ ಮೇಜಿನ ಪಕ್ಕ ಇಟ್ಟಿರುತ್ತೇನೆ. ಬೇಕಾದವರು ಹಾಳೆಯ ಫೋಟೋ ತೆಗೆದುಕೊಳ್ಳಿ. ಲಾರಿ ಇಲ್ಲದವರೂ ತೆಗೆದುಕೊಳ್ಳಬಹುದು. ಟೈಲರಿಂಗ್, ಉಪ್ಪಿನಕಾಯಿ, ಮೆಸ್ ನಡೆಸುವವರು ಇಲ್ಲಿ ಬಹಳ ಜನ ಇದ್ದೀರಿ. ಎಣ್ಣೆ ಕೈಯಲ್ಲಿ ಮಾತ್ರ ಮುಟ್ಟಬೇಡಿ, ಹಿಂದೆ ಚೀಟಿಗಳಿವೆ.